ಪಿತ್ತಕೋಶ ತೆಗೆದ ಮೇಲೂ ಹೊಟ್ಟೆಯಲ್ಲಿ ಉಳಿಯುವ ಕಲ್ಲು

ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಗೊತ್ತಾಗಿ ಲ್ಯಾಪರೋಸ್ಕೋಪಿ ಮೂಲಕ ಆ ಕೋಶವನ್ನೇ ತೆಗೆಸಿಕೊಂಡವರು ಈಗ ಪ್ರತಿ ಊರಿನಲ್ಲೂ, ಹೆಚ್ಚುಕಡಿಮೆ ಪ್ರತಿ ಬಂಧುವರ್ಗದಲ್ಲೂ ಸಿಗುತ್ತಾರೆ. ಹೊಟ್ಟೆಯ ಮೇಲೆ ಮೂರುನಾಲ್ಕು ಸಣ್ಣ ಗಾಯ, ಒಂದೆರಡು ದಿನ ಆಸ್ಪತ್ರೆವಾಸ, ಆಮೇಲೆ ಎಂದಿನ ಊಟ, ಎಂದಿನ ಕೆಲಸ. ಕಲ್ಲಿದ್ದ ಚೀಲವೇ ಹೋದ ಮೇಲೆ ಕಲ್ಲಿನ ಕಾಟವೂ ಅಲ್ಲಿಗೆ ತೀರಿತೆಂದು ಅವರು ತಿಳಿಯುವುದು ಸಹಜ. ಬಹುಪಾಲು ಮಂದಿಯ ಮಟ್ಟಿಗೆ ಅದು ನಿಜವೂ ಹೌದು. ಈ ಬರಹ ಉಳಿದ ಕೆಲವರ ಕುರಿತಾದದ್ದು.

ನಾನು ಆಪರೇಷನ್ ಮಾಡುವವಳಲ್ಲ. ಜಿಲ್ಲಾ ಕೇಂದ್ರವೊಂದರ ಸ್ಕ್ಯಾನಿಂಗ್ ಕೋಣೆಯಲ್ಲಿ ಕುಳಿತು, ಬೇರೆಯವರು ಮಾಡಿದ ಚಿಕಿತ್ಸೆಗಳ ನಂತರದ ಚಿತ್ರಗಳನ್ನು ಓದುವ ರೇಡಿಯಾಲಜಿಸ್ಟ್. ಶಸ್ತ್ರಚಿಕಿತ್ಸೆಯ ವೇಳೆ ಪಿತ್ತಕೋಶ ಹರಿದು, ಅದರೊಳಗಿನ ಕಲ್ಲುಗಳು ಹೊಟ್ಟೆಯ ಪೊಳ್ಳಿನೊಳಗೆ ಉದುರಿ, ಅವುಗಳಲ್ಲಿ ಒಂದೋ ಎರಡೋ ಕಣ್ಣಿಗೆ ಬೀಳದೆ ಅಲ್ಲೇ ಉಳಿದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೀವಾಗಿ ತಲೆಯೆತ್ತುವ ತೊಡಕು ನನ್ನ ಮೇಜಿಗೆ ಬರುವುದು ಅಪರೂಪ. ಬಂದಾಗ ಮಾತ್ರ ಅದು ನೇರವಾಗಿ ಬಂದಿರುವುದಿಲ್ಲ. ನಡುವೆ ಎರಡು ಮೂರು ಬೇರೆ ಕಾಯಿಲೆಗಳ ಹೆಸರು ಹೊತ್ತು, ಆ ಕಾಯಿಲೆಗಳ ಔಷಧಿಯನ್ನೂ ಒಂದಿಷ್ಟು ನುಂಗಿ ಬಂದಿರುತ್ತದೆ.

ಮೊದಲಿಗೇ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳಿತು. ಪಿತ್ತಕೋಶ ತೆಗೆದ ಮೇಲೆ ಉಳಿಯುವ ಕಲ್ಲು ಎಂದಾಗ ವೈದ್ಯರಿಗೂ ಮೊದಲು ನೆನಪಾಗುವುದು ಯಕೃತ್ತಿನಿಂದ ಸಣ್ಣ ಕರುಳಿಗೆ ಪಿತ್ತವನ್ನು ಒಯ್ಯುವ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು. ಆ ಕಲ್ಲು ಪಿತ್ತದ ಹರಿವನ್ನು ತಡೆಯುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಅದನ್ನು ತೆಗೆಯುತ್ತಾರೆ. ನಾನು ಹೇಳುತ್ತಿರುವ ಕಲ್ಲಿಗೂ ಪಿತ್ತನಾಳಕ್ಕೂ ಸಂಬಂಧವಿಲ್ಲ. ಅದು ನಾಳದ ಹೊರಗೆ, ಕರುಳಿನ ಹೊರಗೆ, ಯಾವ ಅಂಗದ ಒಳಗೂ ಇಲ್ಲದೆ, ಅಂಗಗಳ ನಡುವಿನ ಸಂದಿಯಲ್ಲಿ ಬಿದ್ದಿರುತ್ತದೆ. ಆದ್ದರಿಂದ ಕಾಮಾಲೆ ಬರುವುದಿಲ್ಲ, ಯಕೃತ್ತಿನ ರಕ್ತಪರೀಕ್ಷೆಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ, ಎಂಡೋಸ್ಕೋಪ್‌ಗೆ ಅದು ಕಾಣುವುದೂ ಇಲ್ಲ.

ಕಲ್ಲು ಉದುರುವುದು ಹೇಗೆಂಬುದನ್ನು ತಿಳಿಯಲು ಆಪರೇಷನ್ ಕೋಣೆಯ ಒಳಗೆ ಸ್ವಲ್ಪ ಇಣುಕಬೇಕು. ಹೊಕ್ಕುಳಿನ ಬಳಿ ಸುಮಾರು 10 ಮಿಲಿಮೀಟರಿನ ರಂಧ್ರ ಮಾಡಿ, 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಕ್ಯಾಮೆರಾ ಒಳಗೆ ಹೋಗುತ್ತದೆ. ಉಳಿದ ರಂಧ್ರಗಳಿಂದ ಹಿಡಿಯುವ, ಬಿಡಿಸುವ, ಸುಡುವ ಸಲಕರಣೆಗಳು ಹೋಗುತ್ತವೆ. ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿದ ಮೇಲೆ, ಯಕೃತ್ತಿನ ತಳಕ್ಕೆ ಅಂಟಿಕೊಂಡಿರುವ ಕೋಶವನ್ನು ವಿದ್ಯುತ್ ಕೊಕ್ಕೆಯಿಂದ ಎಳೆಎಳೆಯಾಗಿ ಬಿಡಿಸಬೇಕು. ಹಲವು ಸಲ ಉರಿಯೂತವಾಗಿ ಬಿಗಿದುಕೊಂಡ ಕೋಶದಲ್ಲಿ ಗೋಡೆ ಯಾವುದು, ಯಕೃತ್ತು ಯಾವುದು ಎಂಬ ಗಡಿಯೇ ಅಳಿಸಿಹೋಗಿರುತ್ತದೆ. ಹಿಡಿದ ಇಕ್ಕಳದ ಹಲ್ಲು ಊರಿ ತೂತಾಗಬಹುದು, ಕೊಕ್ಕೆಯ ಬಿಸಿ ಗೋಡೆಯನ್ನು ದಾಟಬಹುದು, ಎಲ್ಲ ಮುಗಿದು ಕಲ್ಲು ತುಂಬಿದ ಚೀಲವನ್ನು ಕಿರಿದಾದ ರಂಧ್ರದಿಂದ ಹೊರಗೆಳೆಯುವ ಕೊನೆಯ ಕ್ಷಣದಲ್ಲೇ ಅದು ಸಿಡಿಯಬಹುದು. ಕಲ್ಲುಗಳೋ ಸಾಸಿವೆಯಷ್ಟರಿಂದ ನೆಲ್ಲಿಕಾಯಿಯಷ್ಟರವರೆಗೆ ಎಲ್ಲ ಗಾತ್ರದಲ್ಲೂ ಇರುತ್ತವೆ. ದೊಡ್ಡದು ಬಿದ್ದರೆ ಕಾಣುತ್ತದೆ. ಸಣ್ಣವು ಪಿತ್ತರಸದ ಜೊತೆ ಜಾರಿ ಯಕೃತ್ತಿನ ಹಿಂದಕ್ಕೋ ಕರುಳಿನ ಸುರುಳಿಗಳ ನಡುವಕ್ಕೋ ಸೇರಿಬಿಡುತ್ತವೆ.

ಎಷ್ಟು ಜನರಲ್ಲಿ ಹೀಗಾಗುತ್ತದೆ? ಬೇರೆಬೇರೆ ಆಸ್ಪತ್ರೆಗಳ ಅಂಕಿಗಳು ಬೇರೆಬೇರೆಯಾಗಿದ್ದರೂ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಗಳು ಕೊಡುವ ಲೆಕ್ಕ ಹೀಗಿದೆ: ಇಂಥ ನೂರು ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು 18ರಲ್ಲಿ ಪಿತ್ತಕೋಶ ತೂತಾಗುತ್ತದೆ, ಸುಮಾರು 7ರಲ್ಲಿ ಕಲ್ಲು ಚೆಲ್ಲುತ್ತದೆ, 2ಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಚೆಲ್ಲಿದ ಕಲ್ಲು ಪೂರ್ತಿಯಾಗಿ ಹೊರಬರದೆ ಉಳಿಯುತ್ತದೆ. ಹೀಗೆ ಕಲ್ಲು ಉಳಿದವರಲ್ಲೂ ನೂರಕ್ಕೆ ಎಂಟೊಂಬತ್ತು ಮಂದಿಗೆ ಮಾತ್ರ ಮುಂದೆ ತೊಂದರೆ ಕಾಣಿಸುತ್ತದೆ. ಅಂದರೆ ಒಟ್ಟು ಲೆಕ್ಕದಲ್ಲಿ ಸಾವಿರಕ್ಕೆ ಎರಡರ ಆಸುಪಾಸು. ಈ ಅಂಕಿ ನೋಡಿ ಯಾರೂ ಪಿತ್ತಕೋಶದ ಆಪರೇಷನ್ನಿಗೆ ಹೆದರಬೇಕಾಗಿಲ್ಲ. ಆದರೆ ದೇಶದಲ್ಲಿ ದಿನಬೆಳಗಾದರೆ ನಡೆಯುವ ಈ ಆಪರೇಷನ್‌ಗಳ ಸಂಖ್ಯೆಯಿಂದ ಗುಣಿಸಿದಾಗ, ಸಾವಿರಕ್ಕೆ ಎರಡು ಎಂಬುದು ಕಡೆಗಣಿಸುವ ಸಂಖ್ಯೆಯಾಗಿ ಉಳಿಯುವುದಿಲ್ಲ.

ಹಿಂದೆ ಈ ಸಮಸ್ಯೆ ಇರಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶ ತೆಗೆದ ದಿನದಿಂದ ನೂರು ವರ್ಷಗಳವರೆಗೆ ಹೊಟ್ಟೆ ಕೊಯ್ದೇ ಆ ಕೆಲಸ ನಡೆಯುತ್ತಿತ್ತು. ಆಗಲೂ ಕೋಶ ಒಡೆಯುತ್ತಿತ್ತು. ಆದರೆ ಸುತ್ತಲೂ ಬಟ್ಟೆಯ ಪ್ಯಾಡುಗಳನ್ನು ಒತ್ತಿ ಜಾಗವನ್ನು ಬೇರ್ಪಡಿಸಿರುತ್ತಿದ್ದರು, ಕೈಬೆರಳಿನಿಂದ ಸಂದಿಗೊಂದಿಗಳನ್ನು ತಡಕಿ ನೋಡುತ್ತಿದ್ದರು, ಬಿದ್ದದ್ದು ಬಹುಮಟ್ಟಿಗೆ ಪ್ಯಾಡಿನ ಜೊತೆಗೇ ಹೊರಬರುತ್ತಿತ್ತು. 1985ರಲ್ಲಿ ಜರ್ಮನಿಯ ಬೋಬ್ಲಿಂಗೆನ್‌ನಲ್ಲಿ ಎರಿಕ್ ಮ್ಯೂಹೆ, 1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೂರೆ ರಂಧ್ರಗಳ ಮೂಲಕ ಅದೇ ಕೆಲಸ ಮಾಡಿ ತೋರಿಸಿದರು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ನೋವು ಕಡಿಮೆಯಾಯಿತು, ಗಾಯ ಕಿರಿದಾಯಿತು, ಆಸ್ಪತ್ರೆಯ ದಿನಗಳು ಇಳಿದವು; ಜೊತೆಗೆ ಕೈಯೂ ಪ್ಯಾಡೂ ಹೊಟ್ಟೆಯಿಂದ ಹೊರಗೆ ಉಳಿದವು. ಆರಂಭದ ವರ್ಷಗಳಲ್ಲಿ, ಬಿದ್ದ ಕಲ್ಲು ಬಿದ್ದಲ್ಲೇ ಇದ್ದರೂ ತೊಂದರೆಯಿಲ್ಲ ಎಂಬ ನಂಬಿಕೆಯೇ ಹೆಚ್ಚಾಗಿತ್ತು. ತೊಂಬತ್ತರ ದಶಕ ಮುಂದುವರಿದಂತೆ, ಒಂದೊಂದೇ ಪ್ರಕರಣ ವೈದ್ಯಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿ, ಆ ನಂಬಿಕೆ ಅರ್ಧ ಮಾತ್ರ ಸರಿಯೆಂದು ಗೊತ್ತಾಯಿತು.

ಆ ಅರ್ಧ ಸರಿ ಯಾವುದು, ಅರ್ಧ ತಪ್ಪು ಯಾವುದು ಎಂಬುದನ್ನು ಕಲ್ಲಿನ ಜಾತಿ ನಿರ್ಧರಿಸುತ್ತದೆ. ಕೊಲೆಸ್ಟ್ರಾಲ್ ಕಲ್ಲು ಸಾಮಾನ್ಯವಾಗಿ ನಿರ್ಜಂತುಕ. ಅದು ಹೊಟ್ಟೆಯಲ್ಲಿ ಬಿದ್ದರೆ ಕರುಳನ್ನು ಹೊದ್ದಿರುವ ಕೊಬ್ಬಿನ ಪರದೆ ಬಂದು ಸುತ್ತಿಕೊಳ್ಳುತ್ತದೆ, ನಾರಿನಂಥ ಕವಚ ಬೆಳೆಯುತ್ತದೆ, ಕಲ್ಲು ಒಳಗೆ ಸುಮ್ಮನೆ ಕುಳಿತಿರುತ್ತದೆ. ಬಿಲಿರುಬಿನ್ ಬಣ್ಣದಿಂದಾದ ಪಿಗ್ಮೆಂಟ್ ಕಲ್ಲುಗಳ ಕಥೆಯೇ ಬೇರೆ. ಅವುಗಳಲ್ಲಿ, ವಿಶೇಷವಾಗಿ ಕಂದು ಬಣ್ಣದವುಗಳಲ್ಲಿ, ಕಲ್ಲಿನ ಒಳಪದರಗಳಲ್ಲೇ ಜೀವಂತ ಬ್ಯಾಕ್ಟೀರಿಯಾಗಳು ಅಡಗಿರುತ್ತವೆ: ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಎಂಟೆರೋಕಾಕಸ್. ರಕ್ತದ ಮೂಲಕ ಹೋಗುವ ಆಂಟಿಬಯಾಟಿಕ್ ಕಲ್ಲಿನ ಗರ್ಭವನ್ನು ಮುಟ್ಟಲಾರದು. ಇಲಿಗಳ ಹೊಟ್ಟೆಯೊಳಗೆ ಪಿತ್ತಗಲ್ಲು ಇಟ್ಟು ನೋಡಿದ ಪ್ರಯೋಗಗಳೂ ಇದನ್ನೇ ಹೇಳಿದವು. ಕಲ್ಲು ಮಾತ್ರ ಇದ್ದಾಗ ಹೆಚ್ಚಿನ ಹಾನಿಯಾಗಲಿಲ್ಲ, ಕಲ್ಲಿನ ಜೊತೆ ಸೋಂಕು ತಗುಲಿದ ಪಿತ್ತವೂ ಸೇರಿದಾಗ ಕೀವುಗಡ್ಡೆಗಳೂ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಹೆಚ್ಚಾದವು. ಉತ್ತರ ಭಾರತದಲ್ಲಿ ಕೊಲೆಸ್ಟ್ರಾಲ್ ಕಲ್ಲುಗಳೇ ಪ್ರಧಾನ, ದಕ್ಷಿಣದ ನಮ್ಮ ಕಡೆ ಪಿಗ್ಮೆಂಟ್ ಕಲ್ಲುಗಳ ಪಾಲು ಹೆಚ್ಚು ಎಂಬುದು ಇಲ್ಲಿನ ಶಸ್ತ್ರವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಹಾಗಾಗಿ ಕೊಲೆಸ್ಟ್ರಾಲ್ ಕಲ್ಲುಗಳೇ ತುಂಬಿರುವ ಪಾಶ್ಚಾತ್ಯ ದೇಶಗಳ ಅನುಭವವನ್ನು ಆಧರಿಸಿ ನಾವು ಧೈರ್ಯ ತಂದುಕೊಳ್ಳುವುದು ಪೂರ್ತಿ ಸರಿಯಾಗಲಾರದು ಎಂದು ನನಗೆ ಅನ್ನಿಸುತ್ತದೆ. ಕಲ್ಲಿನ ಸಂಖ್ಯೆ ಹೆಚ್ಚಿದ್ದರೆ, ಗಾತ್ರ ಒಂದೂವರೆ ಸೆಂಟಿಮೀಟರನ್ನು ಮೀರಿದ್ದರೆ, ತೀವ್ರ ಉರಿಯೂತದ ನಡುವೆಯೇ ಆಪರೇಷನ್ ನಡೆದಿದ್ದರೆ, ರೋಗಿಗೆ ವಯಸ್ಸಾಗಿದ್ದರೆ ಅಪಾಯ ಏರುತ್ತದೆ.

ಉದುರಿದ ಕಲ್ಲು ಎಲ್ಲಿ ಸೇರುತ್ತದೆಂಬುದಕ್ಕೂ ಒಂದು ತರ್ಕವಿದೆ. ಆಪರೇಷನ್ ಮುಗಿದು ಮಂಚದ ಮೇಲೆ ಅಂಗಾತ ಮಲಗಿದವರ ಹೊಟ್ಟೆಯ ಮೇಲ್ಭಾಗದಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗವೆಂದರೆ ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಿನ ಸಂದಿ. ಮೋರಿಸನ್ ಎಂಬ ಶಸ್ತ್ರವೈದ್ಯರ ಹೆಸರಿನಿಂದ ಅದನ್ನು ಮೋರಿಸನ್ ಪೌಚ್ ಎನ್ನುತ್ತೇವೆ. ಬಹಳಷ್ಟು ಕೀವುಗಡ್ಡೆಗಳು ಅಲ್ಲಿ, ಇಲ್ಲವೇ ಯಕೃತ್ತಿಗೂ, ಹೊಟ್ಟೆಯನ್ನು ಎದೆಯಿಂದ ಬೇರ್ಪಡಿಸುವ ಸ್ನಾಯುಪರದೆಯಾದ ವಪೆಗೂ ನಡುವೆ ಹುಟ್ಟುತ್ತವೆ. ಅಲ್ಲಿಂದ ಕೀವು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹಿಂದಕ್ಕೆ ಸರಿದರೆ ಪಕ್ಕೆಯ ಕೆಳಗೆ, ಸೊಂಟದ ಮೇಲೆ ಬಾವಾಗಿ ಕಾಣಿಸುತ್ತದೆ. ಮುಂದಕ್ಕೆ ಬಂದರೆ ಹಳೆಯ ರಂಧ್ರದ ಕಲೆಯ ಬಳಿ ಒಡೆದು ವಾಸಿಯಾಗದ ಸೋರುವ ಹುಣ್ಣಾಗುತ್ತದೆ. ಮೇಲಕ್ಕೆ ಹೋಗಿ ವಪೆಯನ್ನು ಕೊರೆದರೆ ಎದೆಗೂಡಿನಲ್ಲಿ ಕೀವು ತುಂಬುತ್ತದೆ. ಹಾಗೆ ಶ್ವಾಸನಾಳದವರೆಗೂ ದಾರಿಯಾಗಿ, ಕೆಮ್ಮಿದಾಗ ಕಫದ ಜೊತೆ ಪಿತ್ತಗಲ್ಲು ಬಾಯಿಗೆ ಬಂದ ಪ್ರಕರಣಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಹೊಟ್ಟೆಯ ಬಲಪಕ್ಕದ ಕಾಲುವೆಯಂಥ ಸಂದಿಯಲ್ಲಿ ಜಾರಿ ಕಿಬ್ಬೊಟ್ಟೆಯ ತಳ ಸೇರಿದ ಕಲ್ಲು ಅಂಡಾಶಯದ ಬಳಿ ಗಂಟಾಗಿ, ಹೆಂಗಸರಲ್ಲಿ ದೀರ್ಘಕಾಲದ ಕಿಬ್ಬೊಟ್ಟೆ ನೋವಿಗೆ ಕಾರಣವಾದದ್ದಿದೆ. ಹರ್ನಿಯಾ ಚೀಲದೊಳಗೆ ಕಲ್ಲು ಸಿಕ್ಕಿದ್ದಿದೆ, ಮೂತ್ರಕೋಶದ ಗೋಡೆಯನ್ನು ದಾಟಿ ಮೂತ್ರದಲ್ಲಿ ಹೋದದ್ದೂ ಇದೆ. ಇವೆಲ್ಲ ವಿರಳಾತಿವಿರಳ. ನಿತ್ಯದ ವೃತ್ತಿಯಲ್ಲಿ ನಾವು ನಿರೀಕ್ಷಿಸಬೇಕಾದದ್ದು ಯಕೃತ್ತಿನ ಸುತ್ತಲಿನ ಕೀವು ಮತ್ತು ಹೊಟ್ಟೆಯ ಗೋಡೆಯ ಬಾವು, ಇವೆರಡೇ.

ಇದರಲ್ಲಿ ವೈದ್ಯರನ್ನು ನಿಜವಾಗಿ ಯಾಮಾರಿಸುವುದು ಕಾಲ. ಕೆಲವರಿಗೆ ವಾರಗಳಲ್ಲೇ ಜ್ವರ ಬರುತ್ತದೆ, ಹಲವರಿಗೆ ತಿಂಗಳುಗಳು ಬೇಕಾಗುತ್ತವೆ, ಹತ್ತು ವರ್ಷ ಮೀರಿ, ಇಪ್ಪತ್ತು ವರ್ಷಗಳವರೆಗೂ ತಡವಾಗಿ ತಲೆಯೆತ್ತಿದ ವರದಿಗಳಿವೆ. ಅಷ್ಟು ಹೊತ್ತಿಗೆ ರೋಗಿ ಊರು ಬದಲಿಸಿರುತ್ತಾರೆ, ಆಪರೇಷನ್ ಮಾಡಿದ ವೈದ್ಯರು ನಿವೃತ್ತರಾಗಿರುತ್ತಾರೆ, ಫೈಲು ಎಲ್ಲೋ ಹೋಗಿರುತ್ತದೆ. ಮೂತ್ರಪಿಂಡದ ಸೋಂಕು, ಅಪೆಂಡಿಕ್ಸ್, ಯಕೃತ್ತಿನ ಅಮೀಬಾ ಕೀವು, ಕ್ಷಯ, ಕ್ಯಾನ್ಸರ್ ಎಂದು ಬೇರೆ ಬೇರೆ ದಿಕ್ಕಿನಲ್ಲಿ ಹುಡುಕಾಟ ಶುರುವಾಗುತ್ತದೆ.

ಮಲೆನಾಡಿನ ಕಡೆಯಿಂದ ಬಂದಿದ್ದ, ಅರವತ್ತು ದಾಟಿದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ಬಲ ಪಕ್ಕೆಯ ಹಿಂದೆ ಬಾವು, ಸಂಜೆಯ ಹೊತ್ತು ಸಣ್ಣ ಜ್ವರ, ಊಟ ಸೇರದು, ಮೈ ಇಳಿದಿದೆ. ಊರ ಹತ್ತಿರದ ಆಸ್ಪತ್ರೆಯಲ್ಲಿ ಬಾವನ್ನು ಕೊಯ್ದು ಕೀವು ತೆಗೆದಿದ್ದರು, ಗಾಯ ಮುಚ್ಚದೆ ಸೋರುತ್ತಲೇ ಇತ್ತು. ವಾಸಿಯಾಗದ ಗಾಯ, ಸಂಜೆ ಜ್ವರ, ತೂಕ ಇಳಿಕೆ, ಇಷ್ಟನ್ನು ಒಟ್ಟಿಗೆ ಕೇಳಿದರೆ ನಮ್ಮ ದೇಶದ ಯಾವ ವೈದ್ಯರಿಗಾದರೂ ಕ್ಷಯವೇ ಮೊದಲು ಹೊಳೆಯಬೇಕು, ಹೊಳೆಯದಿದ್ದರೇ ತಪ್ಪು. ಅವರಿಗೂ ಹಾಗೇ ಹೊಳೆದು ಕ್ಷಯದ ಮಾತ್ರೆ ಆರಂಭವಾಗಿತ್ತು, ಗುಣ ಕಂಡಿರಲಿಲ್ಲ. ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದು ಕೇಳಿದರೆ ಇಲ್ಲವೆಂದರು. ಸೀರೆಯ ನೆರಿಗೆ ಸರಿಸಿ ಹೊಕ್ಕುಳಿನ ಮೇಲಿನ ಕಲೆ ತೋರಿಸಿದಾಗ, "ಅದಾ ಡಾಕ್ಟ್ರಮ್ಮ, ಅದು ಲೇಸರ್ ಮಾಡಿದ್ದು. ಆಪರೇಷನ್ ಅಲ್ಲ. ಅದಾಗಿ ಎಷ್ಟೋ ವರ್ಷ ಆಯ್ತಲ್ಲ" ಎಂದರು. ನಮ್ಮ ಕಡೆ ಲ್ಯಾಪರೋಸ್ಕೋಪಿಗೆ ಲೇಸರ್ ಎಂಬ ಹೆಸರು ಅದು ಹೇಗೆ ಅಂಟಿಕೊಂಡಿತೋ, ಆ ಕೆಲಸದಲ್ಲಿ ಲೇಸರ್ ಕಿರಣಕ್ಕೆ ಸಾಮಾನ್ಯವಾಗಿ ಪಾತ್ರವೇ ಇಲ್ಲ. ಜೊತೆಗಿದ್ದ ಮಗನಿಗೂ ಅದನ್ನು ಹೇಳಬೇಕೆಂದು ತೋಚಿರಲಿಲ್ಲ. ತೋಚಲು ಕಾರಣವಾದರೂ ಏನಿತ್ತು?

ಅಲ್ಟ್ರಾಸೌಂಡ್ ಹಚ್ಚಿದಾಗ ಯಕೃತ್ತಿನ ಬಲಹಾಲೆಯ ಹಿಂದಿನ ಅಂಚಿನಲ್ಲಿ ಕೀವಿನ ಶೇಖರಣೆಯಿತ್ತು. ಅದರ ತಳದಲ್ಲಿ ಪಕ್ಕಪಕ್ಕದಲ್ಲೇ ಎರಡು ಬಿಳಿ ಚುಕ್ಕೆಗಳು, ಪ್ರತಿಯೊಂದರ ಹಿಂದೆಯೂ ಕಪ್ಪು ನೆರಳು. ಪಿತ್ತಕೋಶವಿಲ್ಲದ ಹೊಟ್ಟೆಯಲ್ಲಿ, ಯಕೃತ್ತಿನ ಹೊರಗೆ, ಕೀವಿನ ನಡುವೆ ನೆರಳು ಬೀಳಿಸುವ ಚುಕ್ಕೆ ಕಂಡರೆ ಬೇರೆ ಯೋಚನೆಗಳಿಗಿಂತ ಮೊದಲು ಉದುರಿದ ಕಲ್ಲನ್ನು ಯೋಚಿಸಬೇಕು. ಆದರೆ ಅವರೇ ತಂದಿದ್ದ ಹಿಂದಿನ ಸಿ.ಟಿ. ಸ್ಕ್ಯಾನಿನ ವರದಿಯಲ್ಲಿ ಕಲ್ಲಿನ ಪ್ರಸ್ತಾಪವೇ ಇರಲಿಲ್ಲ, ಮತ್ತು ಆ ಚಿತ್ರಗಳನ್ನು ಮತ್ತೆ ತೆರೆದು ನೋಡಿದಾಗ ಬರೆದವರನ್ನು ದೂರುವಂತೆಯೂ ಇರಲಿಲ್ಲ. ಮೂತ್ರಪಿಂಡದ ಕಲ್ಲುಗಳಂತಲ್ಲದೆ, ಪಿತ್ತಗಲ್ಲುಗಳಲ್ಲಿ ಸಾಮಾನ್ಯ ಎಕ್ಸ್-ರೇಗೆ ಕಾಣುವಷ್ಟು ಸುಣ್ಣಾಂಶ ಇರುವುದು ನೂರಕ್ಕೆ ಹತ್ತರಿಂದ ಇಪ್ಪತ್ತರಲ್ಲಿ ಮಾತ್ರ. ಸಿ.ಟಿ. ಇನ್ನಷ್ಟನ್ನು ಹಿಡಿಯುತ್ತದೆ, ಆದರೂ ಕೊಲೆಸ್ಟ್ರಾಲ್ ಹೆಚ್ಚಿರುವ ಕಲ್ಲುಗಳ ಸಾಂದ್ರತೆ ಸುತ್ತಲಿನ ದ್ರವದಷ್ಟೇ ಇದ್ದು, ಅವು ಕಣ್ಣೆದುರೇ ಮರೆಯಾಗಿರುತ್ತವೆ. ಅಂಥ ಕಡೆ ಎಂ.ಆರ್.ಐ. ನೆರವಿಗೆ ಬರುತ್ತದೆ, ದ್ರವ ಬೆಳ್ಳಗೆ ಹೊಳೆಯುವ ಚಿತ್ರಗಳಲ್ಲಿ ಕಲ್ಲು ಕಪ್ಪು ತೂತಿನಂತೆ ಎದ್ದು ತೋರುತ್ತದೆ. ದುಬಾರಿ ಯಂತ್ರ ಎಂದಾಕ್ಷಣ ಎಲ್ಲವನ್ನೂ ಕಾಣಿಸುತ್ತದೆಂಬ ನಂಬಿಕೆ ರೋಗಿಗಳಲ್ಲಿ ಮಾತ್ರವಲ್ಲ, ವೈದ್ಯರಲ್ಲೂ ಇದೆ. ಈ ವಿಷಯದಲ್ಲಿ ಹಳೆಯ ಅಲ್ಟ್ರಾಸೌಂಡ್ ಅನೇಕ ಸಲ ಸಿ.ಟಿ.ಗಿಂತ ಮುಂದಿರುತ್ತದೆ.

ಕೀವು ಇಲ್ಲದೆ ಬರೀ ಗಂಟುಗಳಾಗಿ ಕಾಣಿಸಿಕೊಂಡಾಗ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಕಲ್ಲಿನ ಸುತ್ತ ಬೆಳೆದ ಉರಿಯೂತದ ಗಂಟು ಸಿ.ಟಿ.ಯಲ್ಲಿ ಕ್ಯಾನ್ಸರ್ ಹರಡಿದಂತೆ ಕಾಣುತ್ತದೆ, ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಬೆಳಗುತ್ತದೆ. ಬೇರೆ ಯಾವುದೋ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಗುಣವಾಗಿರುವವರಲ್ಲಿ ಹೀಗೆ ಕಂಡರೆ ಮನೆಯವರ ಸ್ಥಿತಿ ಏನಾಗಬೇಕು? ಸೂಜಿಯಿಂದ ತುಣುಕು ತೆಗೆದು ನೋಡದೆ ಅಂಥವರಿಗೆ ರೋಗ ಮರುಕಳಿಸಿದೆಯೆಂದು ಹೇಳಬಾರದು. ಇದಕ್ಕೆ ಮತ್ತೊಂದು ಮಗ್ಗುಲೂ ಇದೆ. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲೇ ಕ್ಯಾನ್ಸರ್ ಅಡಗಿರುವುದು ಬಯಾಪ್ಸಿಯಲ್ಲಿ ಅಪರೂಪಕ್ಕೆ ಗೊತ್ತಾಗುತ್ತದೆ; ಕೋಶ ಒಡೆದು ಪಿತ್ತ ಚೆಲ್ಲಿದ್ದರೆ ಅಂಥವರಲ್ಲಿ ಕ್ಯಾನ್ಸರ್ ಕಣಗಳು ಹೊಟ್ಟೆಯಲ್ಲೂ ರಂಧ್ರದ ಕಲೆಯಲ್ಲೂ ಬೇರೂರುವ ಅಪಾಯ ಹೆಚ್ಚು. ಕೋಶ ಒಡೆಯಿತೇ ಇಲ್ಲವೇ ಎಂಬ ಮಾಹಿತಿ ಆಗ ಮುಂದಿನ ಚಿಕಿತ್ಸೆಯನ್ನೇ ಬದಲಿಸಬಲ್ಲದು.

ಹಾಗೆಂದು, ರಂಧ್ರದ ಕಲೆ ಸೋರಿದಾಗಲೆಲ್ಲ ಒಳಗೆ ಕಲ್ಲಿದೆಯೆಂದು ತಿಳಿಯುವುದೂ ಸರಿಯಲ್ಲ. ಲ್ಯಾಪರೋಸ್ಕೋಪಿ ಸಲಕರಣೆಗಳನ್ನು ದ್ರಾವಣದಲ್ಲಿ ಅದ್ದಿ ತೆಗೆಯುವಷ್ಟಕ್ಕೇ ಶುದ್ಧೀಕರಣ ಮುಗಿಸುವ ಕಡೆಗಳಲ್ಲಿ, ಕ್ಷಯದ ಸೋದರಸಂಬಂಧಿಗಳಾದ ಬೇರೆ ಮೈಕೋಬ್ಯಾಕ್ಟೀರಿಯಾಗಳು ರಂಧ್ರದ ಗಾಯಕ್ಕೆ ಸೇರಿ, ಆಪರೇಷನ್ ಆದ ಕೆಲವು ವಾರಗಳಿಗೆ ಗಂಟು, ಸೋರಿಕೆ ಶುರುವಾಗುವುದು ಭಾರತದಲ್ಲಿ ಚೆನ್ನಾಗಿ ಗೊತ್ತಿರುವ ಸಮಸ್ಯೆ. ಅದಕ್ಕೆ ಬೇರೆಯದೇ ಔಷಧಿ ಬೇಕು. ಎರಡನ್ನೂ ಬೇರ್ಪಡಿಸಲು ಕೀವಿನ ಕಲ್ಚರ್ ಪರೀಕ್ಷೆಯೂ, ಸೋರುವ ದಾರಿ ಚರ್ಮದಡಿಯಲ್ಲೇ ಮುಗಿಯುತ್ತದೆಯೋ ಹೊಟ್ಟೆಯೊಳಕ್ಕೆ ಹೋಗುತ್ತದೆಯೋ ಎಂದು ತೋರಿಸುವ ಸ್ಕ್ಯಾನೂ ಅಗತ್ಯ.

ಚಿಕಿತ್ಸೆಯ ವಿಷಯದಲ್ಲಿ ಹೇಳಬೇಕಾದ್ದು ಸ್ವಲ್ಪವೇ. ಕೀವು ತೆಗೆದರೆ ಜ್ವರ ಇಳಿಯುತ್ತದೆ, ಕಲ್ಲು ತೆಗೆದರೆ ಕಾಯಿಲೆ ಹೋಗುತ್ತದೆ. ಆ ತಾಯಿಗೂ ಮೊದಲು ಅಲ್ಟ್ರಾಸೌಂಡ್ ನೋಡುತ್ತಲೇ ಚರ್ಮದ ಮೂಲಕ ನಳಿಕೆ ಹಾಕಿ ಕೀವು ಹರಿಸಿದೆವು, ಕಲ್ಚರಿನಲ್ಲಿ ಇ. ಕೋಲಿ ಬೆಳೆಯಿತು, ಕ್ಷಯದ ಕುರುಹು ಸಿಗಲಿಲ್ಲ, ಜ್ವರ ನಿಂತಿತು. ನಿಶ್ಶಕ್ತಿ ಕಳೆದ ಮೇಲೆ ಶಸ್ತ್ರವೈದ್ಯರು ಹಳೆಯ ಗಾಯದ ದಾರಿಯಿಂದಲೇ ಒಳಹೋಗಿ ಎರಡೂ ಕಲ್ಲುಗಳನ್ನು ತೆಗೆದರು, ಅಷ್ಟು ಕಾಲ ಸೋರುತ್ತಿದ್ದ ಗಾಯ ಆಮೇಲೆ ತಾನಾಗಿ ಮುಚ್ಚಿತು. ಕೆಲವರಿಗೆ ಮತ್ತೆ ಲ್ಯಾಪರೋಸ್ಕೋಪಿ ಬೇಕಾಗುತ್ತದೆ, ಕೆಲವರಿಗೆ ಹೊಟ್ಟೆ ಕೊಯ್ಯಲೇಬೇಕಾಗುತ್ತದೆ. ನಳಿಕೆ ಹಾಕಿದ ದಾರಿಯನ್ನು ಹಿಗ್ಗಿಸಿ, ಯೂರಾಲಜಿಸ್ಟರು ಮೂತ್ರಪಿಂಡದ ಕಲ್ಲು ತೆಗೆಯಲು ಬಳಸುವ ನೆಫ್ರೋಸ್ಕೋಪಿನಿಂದಲೇ ಪಿತ್ತಗಲ್ಲನ್ನು ಹೆಕ್ಕಿ ತೆಗೆದ ಜಾಣತನದ ಉದಾಹರಣೆಗಳೂ ಇವೆ. ಆಂಟಿಬಯಾಟಿಕ್ ಒಂದನ್ನೇ ನಂಬಿಕೊಂಡು ಕೋರ್ಸಿನ ಮೇಲೆ ಕೋರ್ಸ್ ಬರೆಯುವುದರಿಂದ ಹಣವೂ ಕಾಲವೂ ಹಾಳು.

ಇನ್ನು ತಡೆಯುವ ಬಗೆ. ಉಬ್ಬಿ ಬಿಗಿದ ಪಿತ್ತಕೋಶವನ್ನು ಮೊದಲು ಸೂಜಿಯಿಂದ ಹೀರಿ ಸಡಿಲಗೊಳಿಸುವುದು, ತೂತಾದರೆ ಕೂಡಲೇ ಕ್ಲಿಪ್ಪಿನಿಂದಲೋ ದಾರದ ಕುಣಿಕೆಯಿಂದಲೋ ಅದನ್ನು ಮುಚ್ಚುವುದು, ಬಿದ್ದ ಕಲ್ಲುಗಳು ಚದುರುವ ಮುನ್ನವೇ ಹೆಕ್ಕುವುದು, ಸಲೈನಿನಿಂದ ತೊಳೆದು ಹೀರುವುದು, ಕೋಶವನ್ನು ಚೀಲದೊಳಗೆ ಹಾಕಿಯೇ ಹೊರತೆಗೆಯುವುದು. ಕಂಪನಿಯ ಚೀಲಕ್ಕೆ ದುಡ್ಡಾಗುತ್ತದೆಂದು ನಮ್ಮ ಶಸ್ತ್ರವೈದ್ಯರು ನಿರ್ಜಂತುಕಗೊಳಿಸಿದ ಕೈಗವಸಿನ ಬೆರಳನ್ನು ಕತ್ತರಿಸಿ, ಅದರ ಪುಡಿಯನ್ನು ತೊಳೆದು, ಅದನ್ನೇ ಚೀಲವಾಗಿ ಬಳಸುತ್ತಾರೆ. ಬಡ ಆಸ್ಪತ್ರೆಗಳಲ್ಲೂ ಸಾಧ್ಯವಾಗುವ ಈ ಉಪಾಯವನ್ನು ನಾನು ಮೆಚ್ಚುತ್ತೇನೆ. ಕಲ್ಲು ಬಿದ್ದಿತೆಂಬ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ದು ಹುಡುಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹುಡುಕಾಟದ ಹಾನಿ ಕಲ್ಲಿನ ಹಾನಿಗಿಂತ ಹೆಚ್ಚಾಗಬಹುದು. ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಕೋಶಗಳು ಒಡೆದೇ ಒಡೆಯುತ್ತವೆ. ಆದ್ದರಿಂದ ಕಲ್ಲು ಚೆಲ್ಲುವುದನ್ನು ನಾನು ಅಪರಾಧವೆಂದು ಭಾವಿಸುವುದಿಲ್ಲ. ಚೆಲ್ಲಿದ್ದನ್ನು ಬರೆಯದಿರುವುದನ್ನು ಮಾತ್ರ ಒಪ್ಪಲಾರೆ.

ನಮ್ಮಲ್ಲಿ ಆಪರೇಷನ್ ಮುಗಿದ ಮೇಲೆ ಕಲ್ಲುಗಳನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಮನೆಯವರಿಗೆ ತೋರಿಸುವ ರೂಢಿಯಿದೆ. ಅವರು ಎಣಿಸುತ್ತಾರೆ, ಫೋಟೋ ತೆಗೆದು ನೆಂಟರಿಗೆ ಕಳಿಸುತ್ತಾರೆ. ಒಳಗೆ ಉಳಿದದ್ದು ಬಾಟಲಿಯಲ್ಲಿ ಇರುವುದಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ, ಮೊದಲೇ ಟೈಪ್ ಮಾಡಿಟ್ಟ ಸಾಲುಗಳ ನಡುವೆ, ಶಸ್ತ್ರಚಿಕಿತ್ಸೆ ಸುಗಮವಾಗಿ ನಡೆಯಿತೆಂಬ ವಾಕ್ಯ ಯಾವಾಗಲೂ ಇರುತ್ತದೆ. ವೈದ್ಯರ ಅಂಜಿಕೆ ನನಗೆ ಅರ್ಥವಾಗದ ವಿಷಯವಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಂದಿನಿಂದ, ಬರೆದ ಪ್ರತಿ ಸಾಲೂ ತಮ್ಮ ವಿರುದ್ಧದ ಸಾಕ್ಷಿಯಾದೀತೆಂಬ ಭಯ ಹಲವರಲ್ಲಿದೆ. ಆದರೆ ತಡವಾಗಿ ಬರುವ ಈ ತೊಡಕಿನಲ್ಲಿ ಬರೆಯದ ಸಾಲೇ ಹೆಚ್ಚು ಅಪಾಯಕಾರಿ, ವೈದ್ಯರಿಗೂ ಸಹ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಕಲ್ಲು ಮೂರು ವರ್ಷಕ್ಕೆ ಕಾಯುವುದನ್ನು ನಿಲ್ಲಿಸುವುದಿಲ್ಲವಲ್ಲ. ಹಾಗಾಗಿ ಪಿತ್ತಕೋಶ ತೆಗೆಸಿಕೊಳ್ಳುವವರು ಬಿಲ್ಲು, ಸಮರಿಗಳ ಜೊತೆಗೆ ಆಪರೇಷನ್ ನೋಟ್ಸಿನ ಪ್ರತಿಯನ್ನೂ ಬಯಾಪ್ಸಿ ವರದಿಯನ್ನೂ ಕೇಳಿ ಪಡೆದು, ಮೊಬೈಲಿನಲ್ಲಿ ಚಿತ್ರವಾಗಿಯಾದರೂ ಇಟ್ಟುಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೋಶ ಒಡೆಯಿತೇ, ಕಲ್ಲು ಚೆಲ್ಲಿತೇ, ಎಲ್ಲವೂ ಸಿಕ್ಕಿತೇ ಎಂದು ನೇರವಾಗಿ ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ನಮ್ಮ ಊರಿನ ಯುವ ಶಸ್ತ್ರವೈದ್ಯರೊಬ್ಬರು ಸಮರಿಯಲ್ಲೇ ಇದನ್ನು ಕನ್ನಡದಲ್ಲಿ ಬರೆದುಕೊಡುತ್ತಾರೆ: ಪಿತ್ತಕೋಶ ಒಡೆದು ಕಲ್ಲು ಚೆಲ್ಲಿತು, ಕಂಡವನ್ನೆಲ್ಲ ತೆಗೆದಿದ್ದೇವೆ, ಯಕೃತ್ತಿನ ಹಿಂದೆ ಸಣ್ಣವು ಉಳಿದಿರಬಹುದು, ಮುಂದೆ ಎಂದಾದರೂ ಕಾರಣ ತಿಳಿಯದ ಜ್ವರ, ಬಲ ಪಕ್ಕೆಯ ನೋವು, ಬಾವು, ಸೋರಿಕೆ ಕಂಡರೆ ಈ ಕಾಗದವನ್ನು ವೈದ್ಯರಿಗೆ ತೋರಿಸಿ. ಇದರಿಂದ ರೋಗಿಗಳು ಜಗಳಕ್ಕೆ ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಮೇಡಂ, ಜಗಳಕ್ಕೆ ಯಾರೂ ಬಂದಿಲ್ಲ. ಉಳಿದ ಕಲ್ಲು ತೆಗೆಯೋಕೆ ಇನ್ನೊಂದು ಆಪರೇಷನ್ ಮಾಡ್ತೀರಾ ಅಂತ ಕೇಳ್ತಾರೆ, ಅಷ್ಟೇ" ಎಂದರು.

ಅದೇ ಪ್ರಶ್ನೆ ನನ್ನ ಕೋಣೆಯಲ್ಲೂ ಬರುತ್ತದೆ, ಏಕೆಂದರೆ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡುವಾಗ ಯಕೃತ್ತಿನ ಅಂಚಿನಲ್ಲಿ ಒಂಟಿ ಕಲ್ಲೊಂದು ನಿರುಪದ್ರವಿಯಾಗಿ ಕುಳಿತಿರುವುದು ಕಾಣುವುದುಂಟು. ಸುತ್ತ ಕೀವಿಲ್ಲದೆ, ಗಂಟು ಬೆಳೆಯದೆ, ಜ್ವರವೂ ನೋವೂ ಇಲ್ಲದೆ ಇದ್ದರೆ ಅದನ್ನು ಮುಟ್ಟುವುದಿಲ್ಲ. ವರದಿಯಲ್ಲಿ ಅದರ ಜಾಗವನ್ನೂ ಅಳತೆಯನ್ನೂ ಬರೆಯುತ್ತೇನೆ, ಇದು ಹಳೆಯ ಆಪರೇಷನ್ನಿನಲ್ಲಿ ಉದುರಿದ ಪಿತ್ತಗಲ್ಲಾಗಿರುವ ಸಂಭವವಿದೆಯೆಂದು ಸೇರಿಸುತ್ತೇನೆ, ಮುಂದಿನ ಸ್ಕ್ಯಾನಿಗೆ ಬರುವಾಗ ಈ ವರದಿಯನ್ನು ತರಬೇಕೆಂದು ಹೇಳಿ ಕಳಿಸುತ್ತೇನೆ.